ಹಳೆ ಕಾರಿನ ಬಣ್ಣವನ್ನು ಪೂರ್ತಿ ಕೆರೆಸಬೇಕೇ?

ಚಿಕ್ಕಮಗಳೂರಿನ ಸುತ್ತಮುತ್ತ ಹಳೆ ಕಾರು ಇಟ್ಟುಕೊಂಡವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಇದನ್ನೇ: ‘ತಗಡು ಕಾಣುವವರೆಗೂ ಹಳೆ ಬಣ್ಣ ಕೆರೆಸಲೇಬೇಕೇ ಸರ್? ಅದರ ಮೇಲೆಯೇ ಹೊಡೆಸಿದರೆ ಆಗದೇ?’ ಮೇಲಿನ ಬಣ್ಣದ ಮಾತು ಆಮೇಲಿರಲಿ, ಮೊದಲು ಗಾಡಿಯ ಅಡಿಗೆ ಬಳಿದಿರುವ ಕಪ್ಪು ಲೇಪವನ್ನು ತೆಗೆಸಿ ಎನ್ನುತ್ತೇನೆ.

ಹಳೆ ಗಾಡಿಗಳ ಈ ಲೇಪ, ಅಂದರೆ ಅಂಡರ್‌ಕೋಟಿಂಗ್ ಹೆಚ್ಚಾಗಿ ಡಾಂಬರಿನ ಜಾತಿಯದು. ಹೊಸದರಲ್ಲಿ ಮೆತ್ತಗಿದ್ದು ತಗಡನ್ನು ಕಾಯುತ್ತದೆ. ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಬಿರುಕಿನೊಳಗೆ ಇಳಿದ ನೀರು ಅಲ್ಲೇ ಉಳಿಯುತ್ತದೆ, ಕಾಯಬೇಕಾದ ಲೇಪವೇ ತೇವವನ್ನು ಹಿಡಿದಿಡುತ್ತದೆ. ಮೂಡಿಗೆರೆ, ಕೊಟ್ಟಿಗೆಹಾರದ ಮಳೆಯಲ್ಲಿ ಓಡಾಡಿದ ಕಾರಿನ ಮಡ್‌ಗಾರ್ಡ್ ಒಳಗೆ ಸ್ಕ್ರೇಪರ್ ಆಡಿಸಿ ನೋಡಿ. ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ ಪದರ ಹಪ್ಪಳದಂತೆ ಎದ್ದು ಕೈಗೆ ಬರುತ್ತದೆ. ಮಗುಚಿದರೆ ಒಳಮೈಗೆಲ್ಲ ಒದ್ದೆ ತುಕ್ಕು ಅಂಟಿರುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಜೀಪಿನಂತೆ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ಕಾಲಿಡುವ ತಳ ಮತ್ತು ಬಾಗಿಲ ಕೆಳಗಿನ ಟೊಳ್ಳು ಪಟ್ಟಿ ಗಾಡಿಯ ಭಾರ ಹೊರುವ ಭಾಗಗಳು. ಅವನ್ನು ತುಕ್ಕು ತಿಂದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಜಾಕ್ ಕೊಟ್ಟರೆ ತಗಡು ಒಳಗೆ ಹೋಗುತ್ತದೆ. ಅಂಥ ಗಾಡಿಗೆ ಮೇಲೆ ಎಷ್ಟು ಚೆಂದದ ಬಣ್ಣ ಹೊಡೆಸಿದರೂ ಹಣ ದಂಡ.

ಲೇಪ ತೆಗೆಯಲು ಹೀಟ್ ಗನ್, ಅಗಲ ಸ್ಕ್ರೇಪರ್ ಮತ್ತು ತಾಳ್ಮೆ ಬೇಕು. ಮೆತ್ತಗಾಗುವಷ್ಟೇ ಕಾಯಿಸಬೇಕು, ಹೊಗೆ ಬಂದರೆ ಶಾಖ ಹೆಚ್ಚಾಯಿತೆಂದು ಅರ್ಥ. ಪೆಟ್ರೋಲ್ ಟ್ಯಾಂಕ್, ಪೈಪುಗಳನ್ನು ಬಿಚ್ಚಿ ದೂರ ಇಡದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ನುಸುಳಲೂಬಾರದು. ಉಳಿದ ಜಿಗುಟನ್ನು, ಎಲ್ಲ ತಣ್ಣಗಾದ ಮೇಲೆ, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಬಹುದು. ಆದರೆ ಅದರ ಜಿಡ್ಡು ಉಳಿದರೆ ತಗಡಿಗೆ ಮೊದಲು ಹೊಡೆಯುವ ಅಡಿ ಬಣ್ಣ, ಅಂದರೆ ಪ್ರೈಮರ್, ಹಿಡಿಯುವುದಿಲ್ಲ. ಕೊನೆಗೆ ಥಿನ್ನರ್‌ನಿಂದ ಒರೆಸಲೇಬೇಕು.

ಇನ್ನು ಮೇಲಿನ ಬಣ್ಣ. ಅದು ಬಿರಿಯದೆ, ಗುಳ್ಳೆ ಏಳದೆ ತಗಡನ್ನು ಭದ್ರವಾಗಿ ಹಿಡಿದಿದ್ದರೆ ನೀರಿನ ಜೊತೆ ಬಳಸುವ ಮರಳು ಕಾಗದ, ಅಂದರೆ ವಾಟರ್ ಪೇಪರ್‌ನಲ್ಲಿ ಉಜ್ಜಿ ಅದರ ಮೇಲೆಯೇ ಹೊಡೆಸಿ. ಭದ್ರವಾಗಿರುವುದನ್ನು ಕೀಳಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗುಳ್ಳೆ ಇದ್ದ ಕಡೆ ಮಾತ್ರ ಮುಲಾಜಿಲ್ಲದೆ ತಗಡಿನವರೆಗೆ ಹೋಗಬೇಕು. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿ: ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ದಪ್ಪಗಿದೆ. ಅದರಡಿ ಏನಿದೆಯೆಂದು ತೆಗೆದೇ ನೋಡಬೇಕು.

ಪೇಂಟ್ ರಿಮೂವರ್ ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಮಿಥಿಲೀನ್ ಕ್ಲೋರೈಡ್ ಇರುವ ರಿಮೂವರ್‌ನ ಆವಿ ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಜನ ಸತ್ತಿದ್ದಾರೆ, ಅಮೆರಿಕ 2019ರಲ್ಲಿ ಮನೆಬಳಕೆಗೆ ಅದರ ಮಾರಾಟವನ್ನೇ ನಿಷೇಧಿಸಿತು. ಮುಚ್ಚಿದ ಶೆಡ್‌ನಲ್ಲಿ ಅದು ಬೇಡವೇ ಬೇಡ. ಹಳೆ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣ ಉಜ್ಜುವಿಕೆಯೂ ಬೇಡ. ನೀರು ಹಾಕಿ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಟಿಂಕರಿಂಗ್ ಹುಡುಗರಿಗೂ ಮಾಸ್ಕ್ ಕೊಡಿಸಿ. ಬರೀ ಕರವಸ್ತ್ರ ಕಟ್ಟಿಕೊಂಡು ಆ ಧೂಳು ಕುಡಿಯುವ ಹುಡುಗರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒತ್ತಡದ ಗಾಳಿಯಲ್ಲಿ ಮರಳು ಚಿಮ್ಮಿಸಿ ಬಣ್ಣ ಕೀಳುವ ಸ್ಯಾಂಡ್ ಬ್ಲಾಸ್ಟಿಂಗ್ ಜೀಪಿನ ಚಾಸಿಗೆ, ಚಕ್ರದ ಡಿಸ್ಕಿಗೆ ಸರಿ. ಬಾನೆಟ್, ಬಾಗಿಲಿನಂಥ ಅಗಲ ತಗಡಿಗೆ ಕೊಟ್ಟರೆ ಸೊಟ್ಟಗಾಗುವ ಅಪಾಯವಿದೆ.

ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ಹವೆ ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ಸಂಜೆ ಬೆಳ್ಳಗೆ ಹೊಳೆಯುತ್ತಿದ್ದ ತಗಡು ಬೆಳಿಗ್ಗೆಯಷ್ಟರಲ್ಲಿ ಕೆಂಪಾಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಪ್ರೈಮರ್ ಹೊಡೆದು ಮುಗಿಸಬಹುದಾದಷ್ಟನ್ನೇ ಕೆರೆಯಿರಿ. ಪ್ರೈಮರ್ ಎಪಾಕ್ಸಿಯದ್ದೇ ಇರಲಿ; ಸಾಮಾನ್ಯ ರೆಡ್ ಆಕ್ಸೈಡ್ ಒಂದೇ ತೇವವನ್ನು ಅಷ್ಟಾಗಿ ತಡೆಯುವುದಿಲ್ಲ. ಎಪಾಕ್ಸಿ ಪ್ರೈಮರ್ ಮೇಲೆ ಹೊಸ ಅಂಡರ್‌ಕೋಟಿಂಗ್ ಹೊಡೆಸುವಾಗ ಪಕ್ಕದಲ್ಲೇ ನಿಂತು, ಬಾಗಿಲುಗಳ ಮತ್ತು ತಳದ ನೀರಿಳಿಯುವ ತೂತುಗಳು ಮುಚ್ಚದಂತೆ ನೋಡಿಕೊಳ್ಳಿ. ಮುಚ್ಚಿದರೆ ಲೇಪ ಒಣಗುವ ಮೊದಲೇ ಕಡ್ಡಿ ತೂರಿಸಿ ಬಿಡಿಸಿ.