ನಾರ್ವೆಯ ಫ್ಯೋರ್ಡ್‌ಗಳ ದಾರಿಯಲ್ಲಿ ಎಂಟು ದಿನ: ಸ್ವತಃ ಕಾರು ಓಡಿಸಬೇಕೆನ್ನುವವರಿಗೆ

ಫ್ಯೋರ್ಡ್‌ಗಳು, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಸಮುದ್ರದ ತೋಳುಗಳು, ತುಂಬಿರುವ ಪಶ್ಚಿಮ ನಾರ್ವೆಯ ನಕ್ಷೆಯನ್ನು ಮನೆಯಲ್ಲಿ ಹರಡಿಕೊಂಡು ನೋಡಿದರೆ ಊರುಗಳೆಲ್ಲ ಅಕ್ಕಪಕ್ಕದಲ್ಲೇ ಇರುವಂತೆ ಕಾಣುತ್ತವೆ. ನಾವು ಮೋಸಹೋದದ್ದು ಅಲ್ಲಿಯೇ. ಬೆಂಗಳೂರಿನಿಂದ ಮಂಗಳೂರಿಗೆ ಒಂದೇ ಹಗಲಿನಲ್ಲಿ ಕಾರು ಓಡಿಸಿ ರೂಢಿಯಿದ್ದ ನಾನು ದಿನಕ್ಕೆ 350 ಕಿಲೋಮೀಟರಿನಂತೆ ಲೆಕ್ಕ ಹಾಕಿದ್ದೆ. ಆದರೆ ಅಲ್ಲಿ ಊರ ಹೊರಗಿನ ಸಾಮಾನ್ಯ ವೇಗಮಿತಿಯೇ ಗಂಟೆಗೆ 80 ಕಿಲೋಮೀಟರ್. ತಿರುವುಗಳು, ಸುರಂಗಗಳು, ಕಾರನ್ನು ನೀರು ದಾಟಿಸುವ ದೋಣಿಗಾಗಿ ಕಾಯುವ ಹೊತ್ತು ಎಲ್ಲ ಸೇರಿದರೆ 200 ಕಿಲೋಮೀಟರಿಗೇ ಒಂದು ದಿನ ಮುಗಿಯುತ್ತದೆ. ಮೂರನೆಯ ದಿನ ನಾವು ಎರಡು ಊರುಗಳನ್ನು ಪಟ್ಟಿಯಿಂದ ತೆಗೆದುಹಾಕಿದೆವು, ಪ್ರವಾಸದ ಸುಖ ಶುರುವಾದದ್ದು ಆಮೇಲೆ.

ಹೋದವರು ನಾನು, ಪತ್ನಿ, ಹನ್ನೊಂದು ವರ್ಷದ ಮಗ ಮತ್ತು ಅಮ್ಮ. ಜುಲೈ ಮೊದಲ ವಾರವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಬೆಟ್ಟದ ಮೇಲಿನ ರಸ್ತೆಗಳಲ್ಲಿ ಹಲವು ಚಳಿಗಾಲದುದ್ದಕ್ಕೂ ಮುಚ್ಚಿದ್ದು ಮೇ ಅಥವಾ ಜೂನ್‌ನಲ್ಲಷ್ಟೇ ತೆರೆಯುತ್ತವೆ. ಜುಲೈನಲ್ಲಾದರೆ ರಾತ್ರಿ ಹತ್ತು ಗಂಟೆಗೂ ಬೆಳಕಿರುವುದರಿಂದ ಕತ್ತಲೆಯಲ್ಲಿ ಅಪರಿಚಿತ ರಸ್ತೆ ಹಿಡಿಯುವ ಪ್ರಸಂಗವೇ ಬರುವುದಿಲ್ಲ. ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲದಿದ್ದರೂ, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಬಹುದಾದ ಷೆಂಗೆನ್ ವಲಯಕ್ಕೆ ಸೇರಿರುವುದರಿಂದ ಷೆಂಗೆನ್ ವೀಸಾ ಸಾಕು. ನಮ್ಮ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಂಡು, ಮೂಲ ಲೈಸೆನ್ಸಿನ ಜೊತೆಗೇ ಒಯ್ಯಿರಿ. ಕಾರು ಬಾಡಿಗೆಗೆ ಕೊಡುವವರು ಠೇವಣಿಗೆ ಸಾಮಾನ್ಯವಾಗಿ ಚಾಲಕನ ಹೆಸರಿನಲ್ಲಿಯೇ ಇರುವ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ರಸ್ತೆಯ ಬಲಬದಿಯಲ್ಲಿ ಓಡಿಸಬೇಕಾದ ಗೊಂದಲವೊಂದೇ ನಮಗೆ ಸಾಕಾಗುವುದರಿಂದ, ದುಡ್ಡು ಸ್ವಲ್ಪ ಹೆಚ್ಚಾದರೂ ಆಟೋಮ್ಯಾಟಿಕ್ ಗೇರಿನ ಕಾರನ್ನೇ ತೆಗೆದುಕೊಳ್ಳಿ.

ಬರ್ಗೆನ್‌ನಲ್ಲಿ ಕಾರು ಪಡೆದು ಇ16 ಹೆದ್ದಾರಿಯಲ್ಲಿ ವೊಸ್ ಮಾರ್ಗವಾಗಿ ಫ್ಲೋಮ್ ತಲುಪಿದೆವು. ಬರ್ಗೆನ್ ಮಳೆಗೆ ಹೆಸರಾದ ಊರು. ನಮಗೂ ಮಳೆ ಸಿಕ್ಕಿತು, ಆದರೆ ಆಗುಂಬೆಯ ಮಳೆ ಕಂಡವರಿಗೆ ಅದು ತುಂತುರು. ಫ್ಲೋಮ್‌ನಿಂದ ಮಿರ್‌ಡಾಲ್‌ಗೆ ಏರುವ ರೈಲು 20 ಕಿಲೋಮೀಟರಿನಲ್ಲಿ 860 ಮೀಟರಿಗಿಂತ ಹೆಚ್ಚು ಎತ್ತರ ಹತ್ತುತ್ತದೆ. ಅಮ್ಮ ಅದರಲ್ಲಿ ಕಿಟಕಿಯ ಪಕ್ಕದಿಂದ ಕದಲಲಿಲ್ಲ. ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ನೇರೋಯ್‌ಫ್ಯೋರ್ಡ್‌ನ ದೋಣಿಯಾನವೂ ಇಲ್ಲಿಂದಲೇ ಸಿಗುವುದರಿಂದ ಫ್ಲೋಮ್‌ಗೆ ಎರಡು ರಾತ್ರಿ ಕೊಡುವುದು ಒಳ್ಳೆಯದು.

ಅಲ್ಲಿಂದ ಲೇರ್ಡಾಲ್‌ಗೆ ಎರಡು ದಾರಿಗಳಿವೆ. ಒಂದು 2000ದಲ್ಲಿ ತೆರೆದ, 24.5 ಕಿಲೋಮೀಟರ್ ಉದ್ದದ ಸುರಂಗ. ಚಾಲಕರಿಗೆ ಮಂಪರು ಕವಿಯದಿರಲೆಂದು ಅದರೊಳಗೆ ಮೂರು ಕಡೆ ಗುಹೆಯಂತೆ ಅಗಲಗೊಳಿಸಿ ನೀಲಿ ದೀಪ ಹಾಕಿದ್ದಾರೆ. ಇನ್ನೊಂದು, ಸುರಂಗದ ನೆತ್ತಿಯ ಮೇಲೆ ಹಾದುಹೋಗುವ ಔರ್‌ಲಾಂಡ್ ಬೆಟ್ಟದ ಹಳೆಯ ರಸ್ತೆ. ಹವೆ ತಿಳಿಯಾಗಿದ್ದರೆ ಎರಡನೆಯದನ್ನೇ ಹಿಡಿಯಿರಿ. ಫ್ಯೋರ್ಡ್‌ಗಿಂತ 650 ಮೀಟರ್ ಎತ್ತರದಲ್ಲಿ, ಬೆಟ್ಟದ ಅಂಚಿನಿಂದ 30 ಮೀಟರ್ ಹೊರಕ್ಕೆ ಚಾಚಿಕೊಂಡಿರುವ ಸ್ಟೇಗಾಸ್ಟೈನ್ ವೀಕ್ಷಣಾ ಕಟ್ಟೆ ಇದೇ ದಾರಿಯಲ್ಲಿದೆ.

ಆ ಏರಿನಲ್ಲಿ ರಸ್ತೆ ಒಂದೇ ಕಾರಿನಷ್ಟು ಅಗಲ. ಎದುರಿಗೆ ಒಂದು ದೊಡ್ಡ ಕ್ಯಾಂಪರ್ ವಾಹನ ಬಂದು ನಿಂತಿತು, ಹಿಂದೆ ಸರಿಯುವ ಸರದಿ ನನ್ನದಾಯಿತು. ಪತ್ನಿ ಇಳಿದು ಹಿಂದೆ ನಿಂತು ಕೈ ಬೀಸುತ್ತ ದಾರಿ ತೋರಿಸಿದಳು, ಅಮ್ಮ ಕಣ್ಣು ಮುಚ್ಚಿಕೊಂಡಿದ್ದರು, ನಾನು ಮಾತ್ರ ಅಂಗೈ ಬೆವರಿಸಿಕೊಂಡು ಐವತ್ತು ಮೀಟರಿನಷ್ಟು ರಿವರ್ಸ್ ತೆಗೆದು ‘ಎಂ’ ಅಕ್ಷರದ ನೀಲಿ ಫಲಕವಿದ್ದ ಜಾಗಕ್ಕೆ ಸೇರಿಕೊಂಡೆ. ಆ ಫಲಕ ಎದುರುಬದುರಾದ ವಾಹನಗಳು ದಾರಿ ಬಿಟ್ಟುಕೊಡುವ ತಾಣದ್ದು. ಕಿರಿದಾದ ರಸ್ತೆಯಲ್ಲಿ ಹಿಂದೆ ಬಿಟ್ಟುಬಂದ ಫಲಕ ಎಷ್ಟು ದೂರದಲ್ಲಿದೆ ಎಂಬುದನ್ನು ಸದಾ ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಮೇಲೆ ತಲುಪಿದ ಮೇಲೆ, ಜುಲೈನಲ್ಲೂ ಕರಗದೆ ರಸ್ತೆಯ ಪಕ್ಕ ಉಳಿದಿದ್ದ ಹಿಮವನ್ನು ಕಂಡು ಮಗ ಕಾರು ನಿಲ್ಲುವ ಮೊದಲೇ ಬಾಗಿಲಿಗೆ ಕೈ ಹಾಕಿದ್ದ.

ನಿಯಮಗಳ ವಿಷಯದಲ್ಲಿ ಉಡಾಫೆ ಬೇಡ, ದಂಡ ಬಹಳ ದುಬಾರಿ. ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ರಕ್ತದಲ್ಲಿ ಮದ್ಯದ ಮಿತಿ 0.2 ಪ್ರಾಮಿಲ್ (ಸಾವಿರಕ್ಕೆ 0.2 ಭಾಗ) ಮಾತ್ರವಾದ್ದರಿಂದ ಓಡಿಸುವವರು ಬಿಯರನ್ನೂ ಮುಟ್ಟದಿರುವುದೇ ಸರಿ. ಕುರಿಗಳು ರಸ್ತೆಯ ಮಧ್ಯದಲ್ಲೇ ಮಲಗಿರುತ್ತವೆ, ಹಾರ್ನ್‌ಗೆ ಜಗ್ಗುವುದಿಲ್ಲ. ಈ ಒಂದು ವಿಷಯದಲ್ಲಿ ನಮಗೆ ಊರಿನ ಅನುಭವ ಒದಗಿಬಂತು.

ಊಟದ ಖರ್ಚೇ ಪ್ರವಾಸದ ನಿಜವಾದ ಕಂದಕ. ಹೋಟೆಲ್ ಕೋಣೆಗಳ ಬದಲು ಕ್ಯಾಂಪಿಂಗ್ ತಾಣಗಳಲ್ಲಿ ಸಿಗುವ ‘ಹಿಟ್ಟೆ’ ಎಂಬ ಮರದ ಪುಟ್ಟ ಮನೆಗಳನ್ನು ಹಿಡಿದರೆ ಒಲೆ ಸಿಗುತ್ತದೆ, ಅಕ್ಕಿ ಬೇಯುತ್ತದೆ. ನಾವು ಊರಿನಿಂದ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ದಿದ್ದೆವು; ಮೊಸರು, ತರಕಾರಿಗಳನ್ನು ಕಿವಿ (Kiwi) ಅಥವಾ ರೆಮಾ 1000 ಎಂಬ ಹೆಸರಿನ ದಿನಸಿ ಅಂಗಡಿಗಳಲ್ಲಿ ಕೊಂಡೆವು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತುಂಬಿಕೊಳ್ಳಿ. ಹಾಸಿಗೆಯ ಚಾದರ ಅನೇಕ ಕಡೆ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಅದನ್ನು ಓದದೆ ಕಾಯ್ದಿರಿಸಿದ ನಾವು ಮೊದಲ ರಾತ್ರಿ ಅಮ್ಮನ ಎರಡು ಹತ್ತಿ ಸೀರೆಗಳನ್ನು ಹಾಸಿ ಮಲಗಿದೆವು.

ಸೋಗ್ನೆಫ್ಯೋರ್ಡನ್ನು ಕಾರಿನ ಸಮೇತ ದೋಣಿಯಲ್ಲಿ ದಾಟಿ, 1434 ಮೀಟರ್ ಎತ್ತರಕ್ಕೇರುವ 55ನೇ ರಸ್ತೆಯಲ್ಲಿ ಲೊಮ್ ಸೇರಿ, ಅಲ್ಲಿಂದ ಗೈರಾಂಗರ್‌ಗೆ ಇಳಿದೆವು. ಇಂಥ ಸಾಮಾನ್ಯ ದೋಣಿಗಳಿಗೆ ಮುಂಗಡ ಟಿಕೆಟ್ ಬೇಡ, ಸಾಲಿನಲ್ಲಿ ನಿಂತರೆ ಸಾಕು. ಗೈರಾಂಗರ್‌ನಿಂದ ಹೆಲ್ಲೆಸಿಲ್ಟ್‌ಗೆ ಹೋಗುವ ಪ್ರವಾಸಿ ದೋಣಿಗೆ ಮಾತ್ರ ಬೇಸಿಗೆಯಲ್ಲಿ ಮೊದಲೇ ಕಾಯ್ದಿರಿಸಬೇಕು. ನಾವು ಅದನ್ನು ಬಿಟ್ಟು ‘ಹದ್ದಿನ ರಸ್ತೆ’ ಎಂದೇ ಹೆಸರಾದ ಹನ್ನೊಂದು ತಿರುವುಗಳ ರಸ್ತೆಯನ್ನು ಏರಿ, ಐಡ್ಸ್‌ಡಾಲ್‌ನಲ್ಲಿ ದೋಣಿ ಹಿಡಿದೆವು. ಆಚೆಯ ದಡದ ವಾಲ್‌ಡಾಲ್ ಸ್ಟ್ರಾಬೆರಿಗೆ ಪ್ರಸಿದ್ಧ. ರಸ್ತೆಬದಿಯಲ್ಲಿ ಕೊಂಡ ಡಬ್ಬಿ ಟ್ರೋಲ್‌ಸ್ಟೀಗನ್ ತಲುಪುವ ಮುಂಚೆಯೇ ಖಾಲಿಯಾಯಿತು.

1936ರಲ್ಲಿ ತೆರೆದ ಟ್ರೋಲ್‌ಸ್ಟೀಗನ್ ರಸ್ತೆಯಲ್ಲಿಯೂ ಹನ್ನೊಂದು ತಿರುವುಗಳಿವೆ. ಇಳಿಯುವಾಗ ಬ್ರೇಕ್ ಅದುಮಿಯೇ ಇಡದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಬಂಡೆ ಉರುಳುವ ಭಯದಿಂದ 2024ರಲ್ಲಿ ಇದನ್ನು ಮುಚ್ಚಿದ್ದರು, ಆದ್ದರಿಂದ ಹೊರಡುವ ದಿನ ಬೆಳಿಗ್ಗೆಯೇ ರಸ್ತೆ ಇಲಾಖೆಯ 175 ಸಂಖ್ಯೆಗೆ ಕರೆ ಮಾಡಿ ವಿಚಾರಿಸಿ.

ಕಾರನ್ನು ಓಲೆಸುನ್‌ನಲ್ಲಿ ಹಿಂದಿರುಗಿಸಿದೆವು. ಪಡೆದ ಊರಲ್ಲದೆ ಬೇರೆ ಕಡೆ ಬಿಟ್ಟರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಕೇಳಿಕೊಂಡು ಒಪ್ಪಿ. ಟೋಲ್‌ಗಳಲ್ಲಿ ಕಾರು ನಿಲ್ಲಿಸುವ ಪದ್ಧತಿಯಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಆ ಬಾಬ್ತು ನಮ್ಮ ಕಾರ್ಡಿನಿಂದ ಕಡಿತವಾದದ್ದು ಬೆಂಗಳೂರಿಗೆ ಮರಳಿ ಮೂರು ವಾರಗಳಾದ ಮೇಲೆ, ಖರ್ಚಿನ ಲೆಕ್ಕವನ್ನೆಲ್ಲ ಬರೆದು ಮುಗಿಸಿದ್ದ ಸಂಜೆ.