ಸ್ಪ್ಯಾನಿಷಲ್ಲಿ ‘ಬೇಡ’ ಕಲಿಸೋಕೆ ಮುಂಚೆ ‘ಬೇಡಿ’ ಕಲಿಸಿ

ಮೆಕ್ಸಿಕೋ ಕಸ್ಟಮರ್ಸ್‌ಗೆ ಸ್ಪ್ಯಾನಿಷಲ್ಲಿ ಸಪೋರ್ಟ್ ಕೊಡೋ ಟೀಮಿಗೆ ಸೇರೋ ಹೊಸಬರಿಗೆ ಟ್ರೈನಿಂಗ್ ಕೊಡೋದು ನನ್ನ ಕೆಲಸ. ಇಲ್ಲಿ ದಿನವಿಡೀ ಹೇಳೋದೇ ಬೇಡಿ ಬೇಡಿ ಅಂತ, ಪಾಸ್‌ವರ್ಡ್ ಯಾರಿಗೂ ಕೊಡ್ಬೇಡಿ, ಈ ಮೇಲ್‌ಗೆ ರಿಪ್ಲೈ ಮಾಡ್ಬೇಡಿ, ಅಪ್‌ಡೇಟ್ ಮುಗಿಯೋವರೆಗೂ ಸಿಸ್ಟಂ ಆಫ್ ಮಾಡ್ಬೇಡಿ. ಕೋರ್ಸ್ ಮುಗಿಸ್ಕೊಂಡು ಬಂದೋರೂ ಇಲ್ಲೇ ತಡವರಿಸ್ತಾರೆ.

ಯಾಕಂದ್ರೆ ಕ್ಲಾಸಲ್ಲಿ ಸಾಮಾನ್ಯವಾಗಿ ಮೊದ್ಲು ‘ತೂ’ ಬರತ್ತೆ, ಅಂದ್ರೆ ನೀನು. ‘ಆಬ್ಲಾ’ ಅಂದ್ರೆ ಮಾತಾಡು, ಸರಿ, ಮುಂದೆ ಒಂದು ‘ನೊ’ ಹಾಕಿದ್ರೆ ಮಾತಾಡ್ಬೇಡ ಆಗತ್ತೆ ಅಂದ್ಕೊಂಡ್ಬಿಡ್ತಾರೆ, ಆದ್ರೆ ‘ನೊ ಆಬ್ಲಾ’ ಅಂದ್ರೆ ‘ಅವನು ಮಾತಾಡಲ್ಲ’ ಅಂತ! ಬೇಕಿರೋದು ‘ನೊ ಆಬ್ಲೆಸ್’.

ಅದಕ್ಕೇ ನಾನು ‘ಉಸ್ತೆದ್’ ಇಂದಾನೇ ಶುರು ಮಾಡ್ತೀನಿ, ಮರ್ಯಾದೆಯ ನೀವು. ನಾನು ಅನ್ನೋ ರೂಪ ತಗೊಳ್ಳಿ, ‘ಆಬ್ಲೊ’, ಕೊನೇ ‘ಒ’ ಕಿತ್ತಾಕಿ, ಮೂಲ ರೂಪ ‘ಆರ್’ ಅಂತ ಮುಗಿಯೋ ಕ್ರಿಯಾಪದಕ್ಕೆ ‘ಎ’ ಹಾಕಿ, ‘ಎರ್’ ಇಲ್ಲಾ ‘ಇರ್’ ಅಂತ ಮುಗಿಯೋದಕ್ಕೆ ‘ಆ’. ನೊ ಆಬ್ಲೆ (ಮಾತಾಡ್ಬೇಡಿ), ನೊ ರೆಸ್ಪೊಂದಾ (ರಿಪ್ಲೈ ಮಾಡ್ಬೇಡಿ), ನೊ ಕೊಂಪಾರ್ತಾ (ಶೇರ್ ಮಾಡ್ಬೇಡಿ). ಮಜಾ ಏನಂದ್ರೆ ಉಸ್ತೆದ್‌ಗೆ ಮಾಡಿ, ಮಾಡ್ಬೇಡಿ ಎರಡಕ್ಕೂ ಇದೇ ರೂಪ, ‘ನೊ’ ಒಂದೇ ವ್ಯತ್ಯಾಸ. ಇದು ಕೂತ್ಮೇಲೆ ‘ನೊ’ ಇರೋ ರೂಪದ ಕೊನೇಲಿ ‘ಸ್’ ಸೇರಿಸಿದ್ರೆ ನೀನು, ‘ನ್’ ಸೇರಿಸಿದ್ರೆ ನೀವೆಲ್ಲಾ, ಅಷ್ಟೇ. ಸ್ಪೇನಲ್ಲಿ ನೀವೆಲ್ಲಾ ಅನ್ನಕ್ಕೆ ಇನ್ನೊಂದು ರೂಪಾನೂ ಇದೆ, ನಮ್ಮ ಪ್ರೊಸೆಸ್‌ಗೆ ಅದು ಬೇಕಾಗಲ್ಲ.

ಆಫ್ ಮಾಡೋದಕ್ಕೆ ‘ಅಪಗಾರ್’. ಚಾಟಲ್ಲಿ ಟೈಪ್ ಮಾಡುವಾಗ ‘ನೊ ಅಪಾಗೆ’ ಸ್ಪೆಲಿಂಗಲ್ಲಿ ಜಿ ಆದ್ಮೇಲೆ ಒಂದು ಯು ಬರ್ಲೇಬೇಕು, ಇಲ್ಲಾಂದ್ರೆ ಅದನ್ನ ಅಪಾಹೆ ಅಂತ ಓದ್ತಾರೆ.

ಜನಕ್ಕೆ ನಿಜವಾಗ್ಲೂ ಕೈ ಕೊಡೋದು ‘ಅದನ್ನ’ ಅನ್ನೋ ‘ಲೊ’. ಡಿಲೀಟ್ ಮಾಡಿ ಅನ್ನುವಾಗ ಅದು ಹಿಂದೆ ಅಂಟ್ಕೊಳತ್ತೆ, ‘ಬೋರ್ರೆಲೊ’, ಬೇಡಿ ಅಂದ ತಕ್ಷಣ ಬಿಟ್ಟು ಮುಂದೆ ಬರತ್ತೆ, ‘ನೊ ಲೊ ಬೋರ್ರೆ’. ರೂಲ್ ಗೊತ್ತಿದ್ರೂ ಫೋನ್ ಕಾಲಲ್ಲಿ ನಾಲಿಗೆ ತಿರುಗಲ್ಲ, ಹಾಗಾಗಿ ಟೇಬಲ್ ಉರು ಹೊಡೆಸೋ ಬದ್ಲು ನಾನು ಮಾಡಿ ಅಂತೀನಿ, ಅವರು ತಕ್ಷಣ ಬೇಡಿ ಅನ್ಬೇಕು, ಹೀಗೇ ಜೋಡಿ ಜೋಡಿಯಾಗಿ ಬಾಯಲ್ಲೇ.

ಇನ್ನು ಬೋರ್ಡ್‌ಗಳಲ್ಲಿ ‘ನೊ ಫುಮಾರ್’ ಅಂತ ಮೂಲ ಕ್ರಿಯಾಪದಾನೇ ಇರತ್ತಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಇರತ್ತೆ, ಧೂಮಪಾನ ನಿಷೇಧಿಸಿದೆ ಅನ್ನೋ ಥರ, ಗೋಡೆಗೆ ಓಕೆ. ಕಾಲಲ್ಲಿರೋ ಕಸ್ಟಮರ್‌ಗೆ ‘ನೊ ಫುಮೆ’ ಥರಾನೇ ಹೇಳ್ಬೇಕು, ಜೊತೆಗೊಂದು ‘ಪೊರ್ ಫವೊರ್’, ಅಂದ್ರೆ ದಯವಿಟ್ಟು.