ಬಯಲಾಟದ ವಿಡಿಯೊ ಎಡಿಟಿಂಗ್: ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಡ್ರೈವರ್ ಕೆಲಸ ಇಲ್ಲಿಯವರೆಗೆ

ಲ್ಯಾಪ್‌ಟಾಪ್: ಐ5-10300ಎಚ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿಯ ಎನ್‌ವಿಡಿಯಾ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 11. ಕೆಲಸ: ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಯಕ್ಷಗಾನ ಬಯಲಾಟಗಳನ್ನು ಎರಡು ಕ್ಯಾಮೆರಾದಲ್ಲಿ 1080ಪಿ, ಸೆಕೆಂಡಿಗೆ 50 ಫ್ರೇಮಿನಂತೆ ಹಿಡಿದದ್ದನ್ನು ಅಡೋಬಿಯ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್‌ನಲ್ಲಿ ಜೋಡಿಸುವುದು. ದೀಪಾವಳಿ ಕಳೆದು ಮೇಳಗಳ ತಿರುಗಾಟ ಹೊರಡುವ ಮೊದಲು ಸರಿಯಾಗಬೇಕು.

ಸೋಮವಾರ

ಪ್ರೀಮಿಯರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೆಂಡರರ್ ‘ಸಾಫ್ಟ್‌ವೇರ್ ಓನ್ಲಿ’ ಎಂದಷ್ಟೇ ತೋರಿಸುತ್ತಿದೆ, ಎನ್‌ವಿಡಿಯಾ ಕಾರ್ಡಿನಿಂದ ಕೆಲಸ ಮಾಡಿಸುವ ಕುಡಾ ಆಯ್ಕೆಯೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಮೇಲೆ ಹಳದಿ ತ್ರಿಕೋನ, ಕೋಡ್ 43, ಅಂದರೆ ತೊಂದರೆ ಇದೆಯೆಂದು ವಿಂಡೋಸ್ ಕಾರ್ಡನ್ನು ನಿಲ್ಲಿಸಿದೆ. ಕಾರಣ ಗೊತ್ತಿದೆ: ಡ್ರೈವರ್ ಹಾಕುವ ಹೊತ್ತಿಗೆ ಸಂಜೆಯ ಗುಡುಗುಮಳೆಗೆ ಕರೆಂಟ್ ಹೋಯಿತು, ಬ್ಯಾಟರಿ ಸೋತದ್ದು, ಅರ್ಧದಲ್ಲೇ ಆಫ್. ಅದರ ಮೇಲೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೂ ಹಳೆಯ ತುಂಡುಗಳು ಹೋಗಲಿಲ್ಲ.

ಬಿಚ್ಚುವ ಮೊದಲು ಐಡಿ ನೋಡಬೇಕು. ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ. ವೆಂಡರ್ 10ಡಿಇ ಎಂದರೆ ಎನ್‌ವಿಡಿಯಾ, 8086 ಎಂದರೆ ಇಂಟೆಲ್. ಇಲ್ಲಿ ಡಿವೈಸ್ ಸಂಖ್ಯೆ 1ಎಫ್91, ಅಂದರೆ ಲ್ಯಾಪ್‌ಟಾಪಿನ 1650. ಐಡಿ ಕಾಣುತ್ತಿರುವವರೆಗೆ ಕಾರ್ಡ್ ಸತ್ತಿದೆ ಎಂದು ಮದರ್‌ಬೋರ್ಡಿಗೆ ಕೈ ಹಾಕುವ ಅವಸರ ಬೇಡ. ಡ್ರೈವರ್ ಇಳಿಸುವ ಪುಟದಲ್ಲಿ 16 ಸೀರೀಸ್ ಎರಡು ಕಡೆ ಇದೆ. ನೋಟ್‌ಬುಕ್ಸ್ ಎಂದಿರುವುದೇ ಬೇಕು. ತಪ್ಪಿದರೆ ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ ಎಂದು ಇನ್‌ಸ್ಟಾಲರ್ ನಿಲ್ಲಬಹುದು.

ಮಂಗಳವಾರ

ಹಳೆಯ ಡ್ರೈವರನ್ನು ಬೇರುಸಹಿತ ತೆಗೆಯುವ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಬಳಸಿ ಪೂರ್ತಿ ಸ್ವಚ್ಛ ಮಾಡಿದ್ದಾಯಿತು. ಅದಕ್ಕಿಂತ ಮೊದಲಿನ ಎರಡು ಸಣ್ಣ ಕೆಲಸ ಬಿಟ್ಟರೆ ದೊಡ್ಡ ಸಂಕಟ. ಸೇಫ್ ಮೋಡಿಗೆ ಹೋಗುವಾಗ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದಲ್ಲಿ ಬರೆದಿಡಬೇಕು. ಅಲ್ಲಿ ಪಿನ್ ನಡೆಯದೆಯೂ ಹೋಗಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಎನ್‌ವಿಡಿಯಾ ಕಾರ್ಡಿನದು, ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್‌ನದು, ಎರಡೂ ಡ್ರೈವರ್‌ಗಳನ್ನು ಮೊದಲೇ ಇಳಿಸಿಟ್ಟು ವೈಫೈ ಆಫ್. ಇಂಟರ್ನೆಟ್ ಇದ್ದರೆ ಸ್ವಚ್ಛ ಮಾಡಿದ ಮರುಗಳಿಗೆಯೇ ವಿಂಡೋಸ್ ತನ್ನಲ್ಲಿರುವ ಡ್ರೈವರ್ ಹಾಕತೊಡಗುತ್ತದೆ, ನಮ್ಮ ಇನ್‌ಸ್ಟಾಲರ್ ಅದರ ಜೊತೆ ಸಿಕ್ಕಿಹಾಕಿಕೊಳ್ಳುತ್ತದೆ. ಶಿಫ್ಟ್ ಒತ್ತಿ ರೀಸ್ಟಾರ್ಟ್, ಸೇಫ್ ಮೋಡ್, ಡಿಡಿಯುನಲ್ಲಿ ಎನ್‌ವಿಡಿಯಾ ತೆಗೆದು, ಆಮೇಲೆ ಇಂಟೆಲ್‌ದೂ ತೆಗೆದದ್ದು.

ಹಾಕುವಾಗ ಇಂಟೆಲ್ ಮೊದಲು. ಇಂಥ ಲ್ಯಾಪ್‌ಟಾಪಿನಲ್ಲಿ ಪರದೆಗೆ ಹೋಗುವ ತಂತಿ ಇಂಟೆಲ್ ಕಡೆಯಿಂದ. ಎನ್‌ವಿಡಿಯಾ ತಯಾರಿಸಿದ ಫ್ರೇಮ್ ಅದರ ಮೂಲಕವೇ ದಾಟಬೇಕು. ಇಂಟೆಲ್‌ನದು ಕೆಟ್ಟಿದ್ದರೆ ಎನ್‌ವಿಡಿಯಾ ಎಷ್ಟು ಸರಿಯಿದ್ದೂ ಪ್ರಯೋಜನವಿಲ್ಲ, ಮತ್ತು ಹೆಚ್ಚಿನವರು ಮರೆಯುವುದು ಇದನ್ನೇ. ರೀಸ್ಟಾರ್ಟ್ ಆದ ಮೇಲೆ ಎನ್‌ವಿಡಿಯಾದ ಸ್ಟುಡಿಯೊ ಡ್ರೈವರ್: ಕಸ್ಟಮ್, ಕ್ಲೀನ್ ಇನ್‌ಸ್ಟಲೇಶನ್. ನಡುವೆ ಪರದೆ ಕೆಲವು ಸೆಕೆಂಡು ಕಪ್ಪಾಗುತ್ತದೆ, ಪವರ್ ಬಟನ್ ಒತ್ತಬಾರದು. ಈ ಸಲ ಚಾರ್ಜರನ್ನು ಇನ್‌ವರ್ಟರ್ ಲೈನಿಗೆ ಸಿಕ್ಕಿಸಿ ಬೆಳಿಗ್ಗೆಯೇ ಮಾಡಿದ್ದು.

ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎನ್‌ವಿಡಿಯಾ-ಎಸ್‌ಎಂಐ’ ಕೊಟ್ಟಾಗ ಕಾರ್ಡಿನ ಹೆಸರು, ಡ್ರೈವರ್ ಆವೃತ್ತಿ ಎರಡೂ ಬಂದವು. ಕೋಡ್ 43 ಹೋಯಿತು.

ಬುಧವಾರ

ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೀಮಿಯರ್‌ಗೆ ಹೈ ಪರ್ಫಾರ್ಮೆನ್ಸ್. ಪ್ರೀಮಿಯರ್‌ನಲ್ಲಿ ರೆಂಡರರ್ ಕುಡಾ, ಪ್ರಿಫರೆನ್ಸಸ್‌ನ ಮೀಡಿಯಾದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಟಿಕ್, ಮತ್ತೆ ತೆರೆಯುವುದು. ಟಾಸ್ಕ್ ಮ್ಯಾನೇಜರ್‌ನ 3ಡಿ ಗ್ರಾಫ್ ಮಾತ್ರ ನೋಡಿ ಕಾರ್ಡ್ ಸುಮ್ಮನೆ ಕೂತಿದೆ ಅನ್ನಬಾರದು, ಗ್ರಾಫಿನ ಹೆಸರಿನ ಮೇಲೆ ಒತ್ತಿ ವಿಡಿಯೊ ಡಿಕೋಡ್ ಆರಿಸಬೇಕು.

ಪರೀಕ್ಷೆಗೆ ಅರ್ಥಗಾರಿಕೆಯ ಭಾಗ ಸಾಲದು; ವೇಷ ಕೂತು ಮಾತಾಡುವಾಗ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದು ಕೈ ಮತ್ತು ತುಟಿ ಮಾತ್ರ. ಮಹಿಷಾಸುರ ದೊಂದಿ ಬೀಸಿಕೊಂಡು ಜನರ ನಡುವಿನಿಂದ ಬರುವ ಒಂದು ನಿಮಿಷ ಇಟ್ಟದ್ದು. ರಾಳದ ಪುಡಿ ಬಿದ್ದಲ್ಲೆಲ್ಲ ಬೆಂಕಿ ಭಗ್ಗನೆ ಏಳುತ್ತದೆ, ಕಿಡಿ ಹಾರುತ್ತದೆ, ಹೊಗೆ ಇಡೀ ಚೌಕಟ್ಟು ತುಂಬುತ್ತದೆ. ಹಿಂದಿನ ಫ್ರೇಮಿನಿಂದ ಎರವಲು ಪಡೆಯಲು ಏನೂ ಉಳಿಯದ ಕಾರಣ ಬಿಡಿಸುವ ಕೆಲಸ ಅಲ್ಲೇ ಅತಿ ಭಾರ. ಪ್ರೋಗ್ರಾಂ ಮಾನಿಟರ್‌ನ ಸ್ಪ್ಯಾನರ್ ಗುರುತಿನಲ್ಲಿ ಡ್ರಾಪ್ಡ್ ಫ್ರೇಮ್ ಇಂಡಿಕೇಟರ್ ಹಾಕಿ ನೋಡಿದರೆ, ಬಣ್ಣ ತಿದ್ದಿದ ಮೇಲೂ ಚುಕ್ಕೆ ಹಸಿರು, ಅಂದರೆ ಒಂದು ಫ್ರೇಮೂ ತಪ್ಪಿಲ್ಲ. ಚಾರ್ಜರ್ ತೆಗೆದ ಕೂಡಲೇ ಹಳದಿ, ಏಕೆಂದರೆ ಬ್ಯಾಟರಿಯಲ್ಲಿ ಕಾರ್ಡ್ ವೇಗ ಇಳಿಸುತ್ತದೆ.

ಉಳಿದದ್ದು

ಎರಡನೇ ಕ್ಯಾಮೆರಾದ ಕ್ಲಿಪ್‌ಗಳು ಈಗಲೂ ತಡವರಿಸುತ್ತಿವೆ. ಅವು 10 ಬಿಟ್, 4:2:2 ಎಚ್.264, ಬಣ್ಣದ ವಿವರ ಹೆಚ್ಚಿರುವ ಬಗೆ. 1650ರ ಡಿಕೋಡರ್ ಆ ಬಗೆಯನ್ನು ತೆಗೆದುಕೊಳ್ಳುವುದೇ ಇಲ್ಲ, ಭಾರವೆಲ್ಲ ಪ್ರೊಸೆಸರ್ ಮೇಲೆ. ಯಾವ ಡ್ರೈವರ್ ಹಾಕಿದರೂ ಇದು ಬದಲಾಗದು. ಹಾಗಾಗಿ ಆ ಕ್ಲಿಪ್‌ಗಳಿಗೆ ಪ್ರೊರೆಸ್ ಪ್ರಾಕ್ಸಿ (ಎಡಿಟಿಂಗಿಗೆ ಹಗುರಾದ ನಕಲು) ಮಾಡಲು ಇಂದು ರಾತ್ರಿ ಹಾಕಿಡುವುದು. ಮುಂದಿನ ಆಟಕ್ಕೆ ಆ ಕ್ಯಾಮೆರಾವನ್ನು 8 ಬಿಟ್, 4:2:0ಗೆ ಇಳಿಸಿದರೆ ಪ್ರಾಕ್ಸಿಯೇ ಬೇಡ. ಆದರೆ ದೊಂದಿಯ ಬೆಳಕಿನಲ್ಲಿ ಬಣ್ಣ ತಿದ್ದಲು 10 ಬಿಟ್ ಬೇಕೇ ಬೇಕು, ಅದನ್ನು ಬಿಡುವುದಿಲ್ಲ.